ಹತ್ತು ವರ್ಷಕ್ಕೂ ಲೇಸ್ ಕಟ್ಟಲು ಬರುವುದಿಲ್ಲ, ಪಕ್ಕದ ಅಂಗಡಿಗೂ ಒಬ್ಬರೇ ಹೋಗುವುದಿಲ್ಲ: ನಗರದ ಮಕ್ಕಳು ಹೀಗೇಕೆ, ಎಲ್ಲಿಂದ ಶುರು ಮಾಡಬೇಕು?

ಹೊಂಗೆನೆರಳು (ಪ್ರಶ್ನೆ)

ಬೆಂಗಳೂರಿನ ಹೊರವಲಯದ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಬೆಳೆಯುತ್ತಿರುವ 4ರಿಂದ 12 ವರ್ಷದ ಮಕ್ಕಳ ಬಗ್ಗೆ ಕೇಳುತ್ತಿದ್ದೇನೆ. ಇಂಗ್ಲಿಷ್, ಕೋಡಿಂಗ್, ಚೆಸ್ ಎಲ್ಲ ಚೆನ್ನಾಗಿ ಬರುತ್ತದೆ. ಆದರೆ ನಾಲ್ಕನೇ ಕ್ಲಾಸಿನ ಮಗುವಿಗೆ ಅಮ್ಮ ತುತ್ತು ಕಲಸಿ ಬಾಯಿಗಿಡುತ್ತಾರೆ. ಸ್ಕೂಲ್ ವ್ಯಾನಿನಿಂದ ಇಳಿದ ತಕ್ಷಣ ಚೀಲ ಅಜ್ಜನ ಹೆಗಲಿಗೆ ಹೋಗುತ್ತದೆ. ಗೇಟಿನಿಂದ ನೂರು ಮೀಟರ್ ದೂರದ ಅಂಗಡಿಯಿಂದ ಮೊಸರು ತಾ ಎಂದರೆ ಮಗು ಹೋಗುವುದಿಲ್ಲ, ಹೋಗುತ್ತೇನೆ ಎಂದರೂ ದೊಡ್ಡವರು ಕಳಿಸುವುದಿಲ್ಲ. ಎರಡು ಮಕ್ಕಳು ಆಟದಲ್ಲಿ ಜಗಳವಾಡಿದರೆ ಹತ್ತು ನಿಮಿಷದಲ್ಲಿ ಅದು ವಾಟ್ಸಾಪ್ ಗುಂಪಿಗೆ ಬಂದಿರುತ್ತದೆ.

'ಈಗಿನ ಪೋಷಕರು ಮುದ್ದು ಜಾಸ್ತಿ ಮಾಡುತ್ತಾರೆ' ಎನ್ನುವ ಉತ್ತರ ನನಗೆ ಸಾಕಾಗುತ್ತಿಲ್ಲ, ಮುದ್ದು ಹಿಂದೆಯೂ ಇತ್ತು. ಮಕ್ಕಳೊಡನೆ ಕೆಲಸ ಮಾಡುವವರು, ರಸ್ತೆಯ ವಿಷಯ ಗೊತ್ತಿರುವವರು ಹೇಳಿ: ನಿಜವಾಗಿ ಬದಲಾಗಿದ್ದು ಯಾವುದು? ಮನೆಯಲ್ಲಿ ಮಾಡಬಹುದಾದದ್ದನ್ನು ಹಂತಹಂತವಾಗಿ ಬರೆದರೆ ನಮ್ಮ ಬ್ಲಾಕಿನ ಪೋಷಕರಿಗೂ ತೋರಿಸುತ್ತೇನೆ.

ಗುಂಡಿ_ಕಾಜ (ಮಕ್ಕಳ ಆಕ್ಯುಪೇಶನಲ್ ಥೆರಪಿ, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಲು ಕಲಿಸುವ ಚಿಕಿತ್ಸೆ)

ಕೈ ಕೆಲಸದ ಮಟ್ಟಿಗೆ ಹೇಳುತ್ತೇನೆ. ಬದಲಾದದ್ದು ಮುಖ್ಯವಾಗಿ ಬೆಳಗಿನ ಸಮಯ ಮತ್ತು ವಸ್ತುಗಳು. ಐದು ವರ್ಷದ ಮಗು ಯೂನಿಫಾರಂ ತಾನೇ ಹಾಕಿಕೊಳ್ಳಲು ಹತ್ತು-ಹನ್ನೆರಡು ನಿಮಿಷ ಹಿಡಿಯುತ್ತದೆ, ಅಮ್ಮ ಹಾಕಿದರೆ ಎರಡು ನಿಮಿಷ. ಏಳೂಕಾಲಿಗೆ ವ್ಯಾನ್ ಬರುವ ಮನೆಯಲ್ಲಿ ಆ ಹತ್ತು ನಿಮಿಷ ಇರುವುದಿಲ್ಲ. ಹಾಗಾಗಿ ದಿನವೂ ದೊಡ್ಡವರ ಕೈಯೇ ಕೆಲಸ ಮುಗಿಸುತ್ತದೆ. ಜೊತೆಗೆ ಲೇಸಿನ ಜಾಗಕ್ಕೆ ವೆಲ್ಕ್ರೋ, ಲಾಡಿಯ ಜಾಗಕ್ಕೆ ಎಲಾಸ್ಟಿಕ್, ಲೋಟದ ಜಾಗಕ್ಕೆ ಸಿಪ್ಪರ್ ಬಂದಿವೆ. ಒಂದೊಂದೂ ಅನುಕೂಲವೇ. ಎಲ್ಲ ಸೇರಿದಾಗ ಬೆರಳಿಗೆ ಕೆಲಸವೇ ಉಳಿಯುವುದಿಲ್ಲ. ಎರಡನೇ ಕ್ಲಾಸಿನಲ್ಲಿ 'ಬರೆಯಲು ಕೈ ನೋಯುತ್ತದೆ' ಎಂದು ಬರುವ ಮಕ್ಕಳಲ್ಲಿ ಈ ಹಿನ್ನೆಲೆಯವರು ಸಾಕಷ್ಟು ಇರುತ್ತಾರೆ.

ಮೊದಲ ನಿಯಮ: ಬೆಳಿಗ್ಗೆ ಕಲಿಸಬೇಡಿ. ಸಂಜೆ ಅಥವಾ ಭಾನುವಾರ ಕಲಿಸಿ. ಬೆಳಿಗ್ಗೆ, ಆಗಲೇ ಬಂದಿರುವ ಭಾಗವನ್ನಷ್ಟೇ ಮಗುವಿಗೆ ಬಿಡಿ.

ಎರಡನೆಯದು, ಕೊನೆಯ ಹೆಜ್ಜೆಯಿಂದ ಶುರು ಮಾಡಿ. ಲೇಸ್ ಕಟ್ಟುವುದನ್ನೇ ನೋಡೋಣ. ಎಳೆದು ಬಿಗಿ ಮಾಡುವುದು, ಮೊದಲ ಗಂಟು, ಎರಡು ಕುಣಿಕೆ, ಒಂದರ ಮೇಲೊಂದು ಅಡ್ಡ ಇಡುವುದು, ಕೆಳಗಿನಿಂದ ತೂರಿಸುವುದು, ಕುಣಿಕೆ ಎಳೆಯುವುದು, ಹೀಗೆ ಆರು ಹೆಜ್ಜೆ. ಮೊದಲ ಐದನ್ನು ನೀವು ಮಾಡಿ, ಕೊನೆಗೆ ಎರಡು ಕುಣಿಕೆಗಳನ್ನು ಎಳೆಯುವುದನ್ನು ಮಾತ್ರ ಮಗುವಿಗೆ ಬಿಡಿ. ಅದು ಸಲೀಸಾಗಿ ನಾಲ್ಕೈದು ಸಲ ಬಂದ ಮೇಲೆ ಕೊನೆಯ ಎರಡು ಹೆಜ್ಜೆ, ಆಮೇಲೆ ಮೂರು. ಹೀಗೆ ಮಾಡಿದರೆ ಪ್ರತಿ ಸಲವೂ ಕೆಲಸ ಮುಗಿಯುವುದು ಮಗುವಿನ ಕೈಯಲ್ಲಿ. ಮೊದಲಿನಿಂದ ಶುರು ಮಾಡಿಸಿದರೆ ಮಗು ಮೂರನೇ ಹೆಜ್ಜೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಉಳಿದದ್ದನ್ನು ನೀವು ಮುಗಿಸುತ್ತೀರಿ. 'ನಾನು ನಿಲ್ಲಿಸಿದರೆ ಅಮ್ಮನ ಕೈ ಬರುತ್ತದೆ' ಎಂಬುದನ್ನು ಅದು ಕಲಿಯುತ್ತದೆ, ಮತ್ತು ಬಹಳ ಬೇಗ ಕಲಿಯುತ್ತದೆ.

ಶೂ ಮೇಜಿನ ಮೇಲೆ ಇಡುವಾಗ ಅದರ ತುದಿ ಮಗು ನೋಡುವ ದಿಕ್ಕಿಗೇ ಇರಲಿ, ಕಾಲಲ್ಲಿ ಇರುವ ಹಾಗೆ. ನಿಮ್ಮ ಕಡೆಗೆ ತಿರುಗಿಸಿಟ್ಟು ಕಲಿಸಿದರೆ ಎಡಬಲ ಅದಲುಬದಲಾಗುತ್ತದೆ. ಎಡ ಬಲಕ್ಕೆ ಬೇರೆ ಬೇರೆ ಬಣ್ಣದ ಲೇಸ್ ಹಾಕಿ. ನುಣುಪಾದ ದುಂಡು ಲೇಸ್ ಬೇಡ, ಚಪ್ಪಟೆ ಹತ್ತಿ ಲೇಸ್ ಗಂಟು ಹಿಡಿದುಕೊಳ್ಳುತ್ತದೆ. ಹೆಚ್ಚಿನ ಮಕ್ಕಳಿಗೆ ಐದೂವರೆ ಆರು ವರ್ಷಕ್ಕೆ ಇದು ಬರಬಹುದು.

ಶರ್ಟಿನ ಗುಂಡಿಯೂ ಹೀಗೆಯೇ. ಮೊದಲು ಬಿಚ್ಚುವುದು, ಆಮೇಲೆ ಹಾಕುವುದು. ಮೊದಲು ಮೇಜಿನ ಮೇಲೆ ಹರಡಿದ ಶರ್ಟು, ಆಮೇಲೆ ಮೈಮೇಲಿನದು. ಕೆಳಗಿನ ಗುಂಡಿಯಿಂದ ಶುರು ಮಾಡಿಸಿ, ಅದು ಕಣ್ಣಿಗೆ ಕಾಣುತ್ತದೆ. ಕತ್ತಿನ ಗುಂಡಿ ಕೊನೆಗೆ.

ಸಹಾಯಕ್ಕೂ ಒಂದು ಕ್ರಮವಿದೆ. ಮಗು ನಿಂತಾಗ ಮನಸ್ಸಿನಲ್ಲೇ ಹತ್ತು ಎಣಿಸಿ. ಆಗಲೂ ಆಗದಿದ್ದರೆ ಬೆರಳು ತೋರಿಸಿ. ಆಮೇಲೆ ಮಾತ್ರ ಕೈ ಮುಟ್ಟಿ. 'ಹಾಕು, ಎಳಿ, ಅಲ್ಲಲ್ಲ ಆ ಕಡೆ' ಎಂಬ ಮಾತು ನಿರುಪದ್ರವಿ ಎಂದು ತೋರುತ್ತದೆ, ಆದರೆ ಬಿಡಿಸಲು ಅತಿ ಕಷ್ಟವಾದದ್ದು ಆ ಮಾತಿನ ಸಹಾಯವೇ. ಹನ್ನೆರಡು ವರ್ಷಕ್ಕೂ 'ಹಲ್ಲು ಉಜ್ಜಿದ್ಯಾ, ನೀರಿನ ಬಾಟಲ್ ಇಟ್ಕೊಂಡ್ಯಾ' ಎನ್ನುತ್ತಲೇ ಇರಬೇಕಾಗುವುದು ಇದರಿಂದ.

ಊಟದ ಬಗ್ಗೆ ಚಿಕ್ಕದಾಗಿ. ಹತ್ತನೇ ತಿಂಗಳಿಗೆ ಬಂದರೂ ಮಿಕ್ಸಿಯಲ್ಲಿ ನುಣ್ಣಗೆ ಮಾಡಿದ್ದನ್ನೇ ಕೊಡುತ್ತಿದ್ದರೆ ಮುಂದೆ ಅಗಿಯುವ ತೊಂದರೆ ಬರುವ ಸಂಭವ ಹೆಚ್ಚು. ಒಂದು ವರ್ಷಕ್ಕೆ ಮನೆಯವರ ಊಟವೇ ಮೆತ್ತಗೆ ಹಿಸುಕಿದ ರೂಪದಲ್ಲಿ ಮಗುವಿಗೂ ಆಗಬೇಕು. ಎರಡೂವರೆ ಮೂರಕ್ಕೆ ಅನ್ನ ಸಾರು ತಾನೇ ಕಲಸಿಕೊಳ್ಳಲಿ. ಅಂಚು ಎತ್ತರವಿರುವ ಸ್ಟೀಲ್ ತಟ್ಟೆ, ಕೆಳಗೊಂದು ಹಳೇ ಬೆಡ್‌ಶೀಟ್, ತಟ್ಟೆಯಲ್ಲಿ ಎರಡೇ ತುತ್ತಿನಷ್ಟು ಅನ್ನ, ಖಾಲಿಯಾದರೆ ಮತ್ತೆ. ಅರ್ಧ ಗಂಟೆಯಾದ ಮೇಲೆ ಬೈಯದೆ ತಟ್ಟೆ ಎತ್ತಿಬಿಡಿ. ಮುಂದಿನ ಊಟದ ತನಕ ಬಿಸ್ಕೆಟ್ ಬೇಡ. ಫೋನ್ ತೋರಿಸಿ ತಿನ್ನಿಸಿದರೆ ಮಗುವಿಗೆ ತನ್ನ ಹಸಿವು, ಹೊಟ್ಟೆ ತುಂಬಿದ್ದು ಎರಡೂ ತಿಳಿಯುವುದಿಲ್ಲ. ತೂಕ ಏರದ ಮಗುವಾದರೆ ಇದನ್ನು ವೈದ್ಯರನ್ನು ಕೇಳಿಯೇ ಮಾಡಿ.

ಬೆರಳಿಗೆ ಶಕ್ತಿ ಬರಲು ದುಡ್ಡು ಕೊಟ್ಟು ಆಟಿಕೆ ತರಬೇಕಿಲ್ಲ. ಅವರೆಕಾಯಿ ಕಾಲದಲ್ಲಿ ಕಾಯಿ ಬಿಡಿಸಿ, ನೆನೆಸಿದ ಕಾಳನ್ನು ಹಿತುಕಿ ಬೇಳೆ ಮಾಡುವುದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಹೆಬ್ಬೆರಳು ತೋರುಬೆರಳು ಪೆನ್ಸಿಲ್ ಹಿಡಿಯುವ ಹಾಗೆಯೇ ಸೇರುತ್ತವೆ. ಬೆಳ್ಳುಳ್ಳಿ ಸುಲಿಯುವುದು, ಒದ್ದೆ ಬಟ್ಟೆ ಹಿಂಡುವುದು, ಕ್ಲಿಪ್ ಹಾಕಿ ಒಣಗಿಸುವುದು, ಚಪಾತಿ ಹಿಟ್ಟು ನಾದುವುದು ಎಲ್ಲವೂ ಆಗುತ್ತದೆ.

ಕಾಲುದಾರಿ (ರಸ್ತೆ ಮತ್ತು ಪಾದಚಾರಿ ವಿನ್ಯಾಸ)

ಮನೆಯ ಒಳಗಿನದನ್ನು ಮೇಡಂ ಬರೆದಿದ್ದಾರೆ. ಹೊರಗಿನ ಕಾರಣ ಬೇರೆ, ಅದನ್ನು ಪೋಷಕರ ತಲೆಗೆ ಕಟ್ಟುವುದು ಅನ್ಯಾಯ.

ಇಂಗ್ಲೆಂಡಿನಲ್ಲಿ ಮೇಯರ್ ಹಿಲ್‌ಮನ್ ಎಂಬ ಸಂಶೋಧಕ ಮತ್ತು ಸಂಗಡಿಗರು ಅಳೆದ ಲೆಕ್ಕ ಈ ವಿಷಯದಲ್ಲಿ ಪ್ರಸಿದ್ಧ. 1971ರಲ್ಲಿ ಏಳೆಂಟು ವರ್ಷದ ಮಕ್ಕಳಲ್ಲಿ 100ಕ್ಕೆ 80 ಮಂದಿ ದೊಡ್ಡವರಿಲ್ಲದೆ ಶಾಲೆಗೆ ಹೋಗುತ್ತಿದ್ದರು. 1990ರಲ್ಲಿ ಅದು 9ಕ್ಕೆ ಇಳಿದಿತ್ತು. ಆ ಅವಧಿಯಲ್ಲಿ ರಸ್ತೆಯಲ್ಲಿ ಸಾಯುವ ಮಕ್ಕಳ ಸಂಖ್ಯೆಯೂ ಇಳಿದಿತ್ತು. ರಸ್ತೆ ಸುರಕ್ಷಿತವಾದದ್ದರಿಂದ ಅಲ್ಲ, ಮಕ್ಕಳನ್ನು ರಸ್ತೆಯಿಂದ ಹಿಂದಕ್ಕೆ ತೆಗೆದದ್ದರಿಂದ ಎಂಬುದು ಅವರ ವಾದ. ಇಂದು ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿಯನ್ನು ದಾಟಿವೆ. ಇಲ್ಲಿ ನಡೆದಿರುವುದೂ ಅದೇ ಎಂದು ನನ್ನ ಅಭಿಪ್ರಾಯ.

ಆರು ವರ್ಷದ ಮಗುವಿನ ಎತ್ತರ ಸುಮಾರು 115 ಸೆಂಟಿಮೀಟರ್. ನಿಂತ ಎಸ್‌ಯುವಿಯ ಬಾನೆಟ್ಟೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಮಗುವಿಗೆ ರಸ್ತೆ ಕಾಣುವುದಿಲ್ಲ, ಚಾಲಕನಿಗೆ ಮಗು ಕಾಣುವುದಿಲ್ಲ. ಇನ್ನೊಂದು, ಎದುರು ಬರುವ ವಾಹನದ ವೇಗವನ್ನು ಕಣ್ಣಳತೆಯಲ್ಲಿ ಅಂದಾಜು ಮಾಡುವ ಶಕ್ತಿ ಹತ್ತು-ಹನ್ನೊಂದು ವರ್ಷದ ತನಕ ಪೂರ್ತಿ ಬೆಳೆದಿರುವುದಿಲ್ಲ. ಗಂಟೆಗೆ 30 ಕಿಲೋಮೀಟರ್‌ಗಿಂತ ಜೋರಾಗಿ ಬರುವ ವಾಹನವನ್ನು 'ಇನ್ನೂ ದೂರ ಇದೆ' ಎಂದು ಮಗು ನಿಜವಾಗಿಯೂ ನಂಬುತ್ತದೆ. ಇದು ಬುದ್ಧಿ ಹೇಳಿದರೆ ಸರಿಹೋಗುವ ವಿಷಯವಲ್ಲ. ಜನ ಮತ್ತು ವಾಹನ ಬೆರೆಯುವ ಕಡೆ ವೇಗ 30 ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಸುಮ್ಮನೆ ಅಲ್ಲ.

ಫುಟ್‌ಪಾತ್ ಕನಿಷ್ಠ 1.8 ಮೀಟರ್ ಅಡ್ಡಿಯಿಲ್ಲದ ಅಗಲ ಇರಬೇಕು, ಅಂಚಿನ ಎತ್ತರ 15 ಸೆಂಟಿಮೀಟರ್ ಮೀರಬಾರದು ಎಂದು ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿಯಲ್ಲೇ ಇದೆ. ನಮ್ಮಲ್ಲಿ ಮೋರಿಯ ಮೇಲೆ ಚಪ್ಪಡಿ ಹಾಕಿದ್ದೇ ಫುಟ್‌ಪಾತ್. ಎತ್ತರ ಒಂದು ಅಡಿ, ನಡುವೆ ಟ್ರಾನ್ಸ್‌ಫಾರ್ಮರ್, ಪ್ರತಿ ಗೇಟಿಗೂ ಇಳಿಜಾರು. ದೊಡ್ಡವರೇ ಇಳಿದು ರಸ್ತೆಯಲ್ಲಿ ನಡೆಯುತ್ತಾರೆ.

ಹಾಗಾದರೆ ಮಗುವನ್ನು ಕಳಿಸಲೇಬಾರದೇ? ಕಳಿಸಬಹುದು. 'ಹೊರಗೆ ಒಬ್ಬರೇ ಹೋಗುವುದು' ಎಂಬುದನ್ನು ಒಂದೇ ವಿಷಯ ಎಂದು ನೋಡುವುದು ತಪ್ಪು. ಅದನ್ನು ಒಡೆಯಿರಿ: ಪಕ್ಕದ ಫ್ಲ್ಯಾಟ್, ಇನ್ನೊಂದು ಮಹಡಿ, ಕಾಂಪೌಂಡಿನ ಒಳಗೆ, ರಸ್ತೆ ದಾಟದೆ ಸಿಗುವ ಅಂಗಡಿ, ಒಂದು ಒಳರಸ್ತೆ ದಾಟುವುದು, ಮುಖ್ಯರಸ್ತೆ, ಬಸ್ಸು. ಮೊದಲ ನಾಲ್ಕಕ್ಕೆ ಆರೇಳು ವರ್ಷ ಸಾಕು. ಒಳರಸ್ತೆ ದಾಟುವುದಕ್ಕೆ ಅಭ್ಯಾಸವಿದ್ದರೆ ಎಂಟೊಂಬತ್ತು. ವಾಹನ ಜೋರಾಗಿ ಓಡುವ ಮುಖ್ಯರಸ್ತೆಯನ್ನು ಸಿಗ್ನಲ್ ಇಲ್ಲದ ಕಡೆ ಹನ್ನೊಂದರ ಕೆಳಗೆ ಬೇಡವೇ ಬೇಡ. ರಸ್ತೆಯ ಹೆದರಿಕೆಯಿಂದ ಮಹಡಿ ಇಳಿಯುವುದನ್ನೂ ತಡೆಯುವುದರಿಂದಲೇ ಹತ್ತು ವರ್ಷಕ್ಕೂ ಏನೂ ಶುರುವಾಗಿರುವುದಿಲ್ಲ.

ಅಂಗಡಿಗೆ ಕಳಿಸುವ ಅಭ್ಯಾಸ ಹೀಗಿರಲಿ. ಮೊದಲ ಕೆಲವು ದಿನ ಮಗು ಮುಂದೆ, ನೀವು ಎರಡು ಹೆಜ್ಜೆ ಹಿಂದೆ, ಮಾತಿಲ್ಲ. ದಾರಿ ತಪ್ಪಿದರೂ ಐವತ್ತು ಹೆಜ್ಜೆ ಬಿಡಿ, ಅದೇ ತಿರುಗಿ ನೋಡಲಿ. ಆಮೇಲೆ ಹತ್ತು ಮೀಟರ್ ಹಿಂದೆ. ಆಮೇಲೆ ನೀವು ಅರ್ಧ ದಾರಿಯಲ್ಲಿ ನಿಲ್ಲಿ, ಕೊನೆಗೆ ಗೇಟಿನಲ್ಲಿ. ಅಂಗಡಿಯವರಿಗೆ ಮೊದಲೇ ಹೇಳಿಡಿ. ನಗದು ಕೊಡಿ, ಐವತ್ತರ ನೋಟು ಕೊಟ್ಟು ಚಿಲ್ಲರೆ ಎಷ್ಟು ಬರಬೇಕು ಎಂದು ಮಗುವೇ ಲೆಕ್ಕ ಹಾಕಿ ಹೊರಡಲಿ. ದೊಡ್ಡವರೆಲ್ಲ ಸ್ಕ್ಯಾನ್ ಮಾಡುವುದರಿಂದ ದುಡ್ಡು ಕೈಯಿಂದ ಕೈಗೆ ಹೋಗುವುದನ್ನೇ ಈ ಮಕ್ಕಳು ನೋಡಿರುವುದಿಲ್ಲ.

ದಾಟುವುದಕ್ಕೆ ಒಳ್ಳೆಯ ಜಾಗ ರಸ್ತೆ ಉಬ್ಬಿನ ಹತ್ತಿರ, ಅಲ್ಲಿ ವೇಗ ತಾನಾಗಿ ಇಳಿದಿರುತ್ತದೆ. ತಿರುವಿನಲ್ಲಿ ಬೇಡ. ನಿಂತ ಎರಡು ವಾಹನಗಳ ನಡುವಿನಿಂದ ನೇರ ಹೊರಬರಬಾರದು. ಬೇರೆ ದಾರಿಯೇ ಇಲ್ಲದಿದ್ದರೆ ಅವುಗಳ ಹೊರ ಅಂಚಿನ ತನಕ ಬಂದು ನಿಂತು, ಬಲ, ಎಡ, ಮತ್ತೆ ಬಲ. ಒನ್‌ವೇ ಆದರೂ ಎರಡೂ ಕಡೆ ನೋಡಲೇಬೇಕು, ನಮ್ಮಲ್ಲಿ ಬೈಕುಗಳು ಎದುರು ದಿಕ್ಕಿನಿಂದಲೂ ಬರುತ್ತವೆ. ಎಲೆಕ್ಟ್ರಿಕ್ ಸ್ಕೂಟರಿಗೆ ಸದ್ದಿಲ್ಲ, ಕಿವಿಯನ್ನು ನಂಬಿ ದಾಟುವ ಮಗುವಿಗೆ ಇದನ್ನು ಪ್ರತ್ಯೇಕವಾಗಿ ಹೇಳಬೇಕು. ಓಡಬಾರದು. ಇಳಿದ ಬಸ್ಸು ಹೋಗುವ ತನಕ ನಿಲ್ಲಬೇಕು, ಅದರ ಮುಂದಿನಿಂದ ದಾಟಬಾರದು.

ಕಾಂಪೌಂಡಿನ ಒಳಗೇ ಒಂದು ಅಪಾಯವಿದೆ, ಅದನ್ನು ಯಾರೂ ನೋಡುವುದಿಲ್ಲ: ಬೇಸ್‌ಮೆಂಟಿನಿಂದ ಮೇಲೆ ಬರುವ ರ‍್ಯಾಂಪ್. ಕತ್ತಲಿನಿಂದ ಬೆಳಕಿಗೆ ಬರುವ ಚಾಲಕನಿಗೆ ಒಂದು ಕ್ಷಣ ಏನೂ ಕಾಣುವುದಿಲ್ಲ, ಕಾರಿನ ಮೂತಿ ಮೇಲಕ್ಕೆ ಎತ್ತಿರುತ್ತದೆ. ರ‍್ಯಾಂಪಿನ ಬಾಯಿಯಲ್ಲಿ ಉಬ್ಬುಗನ್ನಡಿ, ಮೇಲೆ ಬಂದ ಕೂಡಲೇ ಒಂದು ಉಬ್ಬು, ಮಕ್ಕಳು ನುಗ್ಗದ ಹಾಗೆ ಎರಡೂ ಬದಿ ಸೊಂಟದೆತ್ತರದ ಕಂಬಿ, ಇಷ್ಟಕ್ಕೆ ಸಮಿತಿ ಒಪ್ಪಲೇಬೇಕು. ಸೆಕ್ಯುರಿಟಿ ಕ್ಯಾಮೆರಾ ಇದನ್ನು ತಡೆಯುವುದಿಲ್ಲ.

ಹಾಜರಿಪುಸ್ತಕ (ಪ್ರಾಥಮಿಕ ಶಾಲಾ ಶಿಕ್ಷಕಿ)

ಶಾಲೆಗಳ ಪಾಲೂ ಇದರಲ್ಲಿದೆ, ಅದನ್ನು ಮುಚ್ಚಿಡಬಾರದು.

ಹೋಂವರ್ಕನ್ನು ರಾತ್ರಿ ಪೋಷಕರ ವಾಟ್ಸಾಪ್ ಗುಂಪಿಗೆ ಹಾಕಿದ ಕ್ಷಣದಿಂದ ಮಗುವಿಗೆ ತರಗತಿಯಲ್ಲಿ ಕೇಳಿಸಿಕೊಳ್ಳುವ ಅಗತ್ಯವೇ ಇಲ್ಲ. ಕೊನೆಯ ಪೀರಿಯಡ್ಡಿನ ಹತ್ತು ನಿಮಿಷ ಡೈರಿಗೆ ಮೀಸಲಿಡಿ: ಮಗುವೇ ಬರೆದುಕೊಳ್ಳಲಿ, ಪಕ್ಕದವರ ಜೊತೆ ಹೋಲಿಸಿ ನೋಡಲಿ. ಬರೆಯಲು ಮರೆತರೆ ಗೆಳೆಯನಿಗೆ ತಾನೇ ಫೋನ್ ಮಾಡಲಿ. ಗುಂಪು ರಜೆ, ಶುಲ್ಕ, ವ್ಯಾನಿನ ಸಮಯಕ್ಕಷ್ಟೇ ಇರಲಿ. ಪ್ರಾಜೆಕ್ಟುಗಳೂ ಅಷ್ಟೇ. ಥರ್ಮೋಕೋಲಿನ ಜ್ವಾಲಾಮುಖಿ ಮಾಡುವುದು ಅಪ್ಪ, ಅಂಕ ಸಿಗುವುದು ಅಚ್ಚುಕಟ್ಟಿಗೆ. ತರಗತಿಯಲ್ಲೇ, ಶಾಲೆ ಕೊಟ್ಟ ಸಾಮಾನಿನಲ್ಲೇ, ಎರಡು ಪೀರಿಯಡ್ಡಿನಲ್ಲಿ ಮುಗಿಯುವಂಥದ್ದು ಕೊಟ್ಟರೆ ಸೊಟ್ಟಗಿದ್ದರೂ ಮಗುವಿನದೇ ಆಗಿರುತ್ತದೆ.

ಚೀಲದ ತೂಕ ಮಗುವಿನ ತೂಕದ 100ಕ್ಕೆ 10 ಭಾಗ ಮೀರಬಾರದು ಎಂದು 2020ರ ಸ್ಕೂಲ್ ಬ್ಯಾಗ್ ನೀತಿಯಲ್ಲಿದೆ. 22 ಕಿಲೋ ಮಗುವಿಗೆ 2.2 ಕಿಲೋ. ಅದಕ್ಕಿಂತ ಹೆಚ್ಚಿದ್ದರೆ ಶಾಲೆಯನ್ನು ಕೇಳಿ. ಕಡಿಮೆ ಇದ್ದರೆ ಮಗುವೇ ಹೊರಲಿ, ಅಜ್ಜನಿಗೆ ಕೊಡುವುದು ಬೇಡ. ಹಿಂದಿನ ರಾತ್ರಿ ವೇಳಾಪಟ್ಟಿ ನೋಡಿ ಚೀಲ ಜೋಡಿಸುವುದು ಎರಡನೇ ಕ್ಲಾಸಿನಿಂದ ಮಗುವಿನ ಕೆಲಸ. ಮರೆತ ನೋಟ್‌ಬುಕ್ಕನ್ನು ಡೆಲಿವರಿ ಹುಡುಗನ ಕೈಲಿ ಕಳಿಸುವ ಪೋಷಕರಿದ್ದಾರೆ. ಗೇಟಿನಲ್ಲಿ ಅದನ್ನು ತೆಗೆದುಕೊಳ್ಳುವುದಿಲ್ಲ ಎಂದು ಶಾಲೆಯೇ ನಿಯಮ ಮಾಡುವುದು ಒಳ್ಳೆಯದು. ಔಷಧಿ, ಕನ್ನಡಕ, ಊಟ ಈ ಮೂರಕ್ಕೆ ಮಾತ್ರ ವಿನಾಯಿತಿ.

ಜಪಾನಿನ ಶಾಲೆಗಳಲ್ಲಿ ಮಕ್ಕಳೇ ಊಟ ಬಡಿಸಿ, ತರಗತಿ ಗುಡಿಸಿ ಒರೆಸುವುದನ್ನು ಎಲ್ಲರೂ ಮೆಚ್ಚುತ್ತಾರೆ. ಇಲ್ಲೂ ಬೆಂಚು ಒರೆಸುವುದು, ಬೋರ್ಡ್ ಅಳಿಸುವುದು, ಗಿಡಕ್ಕೆ ನೀರು, ತನ್ನ ತಟ್ಟೆ ತೊಳೆಯುವುದು ಆಗಬೇಕು. ಆದರೆ ನಮ್ಮಲ್ಲಿ ಒಂದು ಎಚ್ಚರ ಬೇಕು. ಇಂಥ ಕೆಲಸ ಯಾವಾಗಲೂ ಸರದಿಯ ಮೇಲೆ, ಎಲ್ಲ ಮಕ್ಕಳಿಗೂ ಸಮನಾಗಿ, ಶಿಕ್ಷಕರೂ ಸೇರಿ ಆಗಬೇಕು. ಶಿಕ್ಷೆಯಾಗಿ ಕೊಡಬಾರದು, ಒಂದೇ ಜಾತಿಯ ಅಥವಾ ಬಡ ಮನೆಯ ಮಕ್ಕಳ ಮೇಲೆ ಬೀಳಬಾರದು. ಶೌಚಾಲಯವನ್ನು ಮಕ್ಕಳಿಂದ ತೊಳೆಸಲೇಬಾರದು.

ಇನ್ನೊಂದು ಮಾತು ಹೇಳಲೇಬೇಕು. 'ನಗರದ ಮಕ್ಕಳು' ಎಂದು ಎಲ್ಲರನ್ನೂ ಸೇರಿಸಬೇಡಿ. ಅದೇ ಅಪಾರ್ಟ್‌ಮೆಂಟಿಗೆ ಮನೆಕೆಲಸಕ್ಕೆ ಬರುವವರ ಒಂಬತ್ತು ವರ್ಷದ ಮಗಳು ತಮ್ಮನಿಗೆ ಊಟ ಹಾಕಿ, ನೀರು ಹಿಡಿದು, ಶಾಲೆಗೆ ನಡೆದು ಹೋಗುತ್ತಾಳೆ. ಅವಳಿಗೆ ಬೇಕಾದದ್ದು ಸ್ವಲ್ಪ ಹೆಚ್ಚು ರಕ್ಷಣೆ. ಮಧ್ಯಮ ವರ್ಗದ ಮನೆಗಳಲ್ಲೂ ಗಂಡು ಹೆಣ್ಣಿಗೆ ಕೊರತೆ ಬೇರೆ ಬೇರೆ: ಹುಡುಗನಿಗೆ ಅಡುಗೆಮನೆ ಗೊತ್ತಿರುವುದಿಲ್ಲ, ಹುಡುಗಿಗೆ ಬೀದಿ ಗೊತ್ತಿರುವುದಿಲ್ಲ. ಹುಡುಗಿಯರಿಗೆ ಇನ್ನೊಂದು ಅನುಕೂಲ ಈಗಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಇದ್ದರಾಯಿತು. ಹನ್ನೆರಡರ ನಂತರ ಬಸ್ ಪ್ರಯಾಣ ಕಲಿಸಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಮೊದಲು ಜೊತೆಯಲ್ಲಿ, ಆಮೇಲೆ ನೀವು ಹಿಂದಿನ ಸೀಟಿನಲ್ಲಿ, ಆಮೇಲೆ ಇಳಿಯುವ ಸ್ಟಾಪಿನಲ್ಲಿ ನೀವು ಕಾಯುವುದು.

ಹೊಂಗೆನೆರಳು

ಎಲ್ಲರಿಗೂ ವಂದನೆ, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಎರಡು ಪ್ರಶ್ನೆ ಉಳಿಯಿತು. ಒಂದು, ಪೋಷಕರು ಮೊದಲು ಹೇಳುವುದು ಮಕ್ಕಳ ಕಳ್ಳರ ಭಯ, ಅದಕ್ಕೆ ಏನು ಉತ್ತರ? ಎರಡು, ಮಗುವೇ ಅತ್ತು 'ನಾನು ಹೋಗಲ್ಲ' ಎಂದರೆ ಬಲವಂತ ಮಾಡಬೇಕೆ? ಗ್ಯಾಸ್ ಒಲೆಯ ವಯಸ್ಸಿನ ಬಗ್ಗೆಯೂ ನಮ್ಮ ಬ್ಲಾಕಿನಲ್ಲಿ ದೊಡ್ಡ ವಾದವಿದೆ, ಗೊತ್ತಿದ್ದವರು ಹೇಳಿ.

ತಿಳಿನೀರು (ಮಕ್ಕಳ ಆಪ್ತಸಮಾಲೋಚನೆ)

ಕಳ್ಳರ ಭಯಕ್ಕೆ ವಾಟ್ಸಾಪಿನ ಪಾಲು ದೊಡ್ಡದು. 2018ರ ಮೇ ತಿಂಗಳಲ್ಲಿ ಇಂಥ ವದಂತಿ ಹರಡಿ ಚಾಮರಾಜಪೇಟೆಯಲ್ಲಿ ಬೇರೆ ರಾಜ್ಯದಿಂದ ಬಂದಿದ್ದ ಒಬ್ಬ ನಿರಪರಾಧಿಯನ್ನು ಜನ ಹೊಡೆದು ಕೊಂದರು. ಅಪಾಯವೇ ಇಲ್ಲ ಎನ್ನುತ್ತಿಲ್ಲ. ಆದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯಿದೆಯಡಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ ಎಂದು ರಾಷ್ಟ್ರೀಯ ಅಪರಾಧ ದಾಖಲೆಗಳ ವಿಭಾಗದ ವರದಿಗಳು ವರ್ಷ ವರ್ಷ ಹೇಳುತ್ತಿವೆ. ನೆಂಟರು, ನೆರೆಯವರು, ಮನೆಪಾಠದವರು, ವ್ಯಾನಿನವರು. ಮಗುವನ್ನು ಬೀದಿಗೆ ಬಿಡದೆ ಇವರ ಕೈಗೆ ಒಪ್ಪಿಸಿ ನಿಶ್ಚಿಂತರಾಗುವುದು ತಪ್ಪು ಲೆಕ್ಕ.

'ಅಪರಿಚಿತರ ಜೊತೆ ಮಾತಾಡಬೇಡ' ಎಂಬ ಪಾಠವನ್ನು ಬಿಟ್ಟುಬಿಡಿ. ದಾರಿ ತಪ್ಪಿದ ಮಗುವಿಗೆ ಸಹಾಯ ಮಾಡುವವರು ಅಪರಿಚಿತರೇ. ಬದಲಿಗೆ ಇಷ್ಟು ಕಲಿಸಿ. ಯಾರ ಜೊತೆ ಮಾತಾಡಿದರೂ ಸರಿ, ಮನೆಗೆ ಕೇಳದೆ ಯಾರ ಜೊತೆಯೂ ಹೋಗಬಾರದು, ಗೊತ್ತಿದ್ದವರಾದರೂ. ಮೈ ಮುಟ್ಟಿ 'ಯಾರಿಗೂ ಹೇಳಬೇಡ' ಎಂದವರ ವಿಷಯವನ್ನು ಅದೇ ದಿನ ಹೇಳಬೇಕು, ಹೇಳಿದರೆ ಬೈಯುವುದಿಲ್ಲ. ತಪ್ಪಿಸಿಕೊಂಡರೆ ನಿಂತಲ್ಲೇ ನಿಲ್ಲಬೇಕು, ಹುಡುಕುತ್ತಾ ಹೋಗಬಾರದು. ಯಾರೂ ಬಾರದಿದ್ದರೆ ಅಂಗಡಿಯ ಗಲ್ಲಾದಲ್ಲಿ ಕೂತವರನ್ನೋ, ಮಕ್ಕಳ ಜೊತೆ ಇರುವ ಅಮ್ಮನನ್ನೋ ಕೇಳಬೇಕು. ಎರಡು ಫೋನ್ ನಂಬರ್ ಬಾಯಿಪಾಠ ಇರಬೇಕು. ಐದು ವರ್ಷದ ಮಗು ಹತ್ತಂಕಿಯನ್ನು ಹಾಡಿನ ಧಾಟಿಯಲ್ಲಿ ವಾರದಲ್ಲಿ ಕಲಿಯುತ್ತದೆ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಇದನ್ನೆಲ್ಲ ಒಂದು ಸಲ ಹೇಳಿದರೆ ಸಾಲದು, ಮನೆಯಲ್ಲೇ ಆಡಿ ತೋರಿಸಬೇಕು.

ಅಳುವ ಮಗುವಿನ ವಿಷಯ. ಬಲವಂತವೂ ಬೇಡ, ಪೂರ್ತಿ ತಪ್ಪಿಸುವುದೂ ಬೇಡ. ಹೆದರಿದ್ದನ್ನು ತಪ್ಪಿಸಿದ ಕ್ಷಣ ಮಗುವಿಗೆ ನೆಮ್ಮದಿ ಸಿಗುತ್ತದೆ, ಅಮ್ಮನಿಗೂ ಸಿಗುತ್ತದೆ. ಆ ನೆಮ್ಮದಿಯೇ ಮುಂದಿನ ಸಲದ ಹೆದರಿಕೆಯನ್ನು ಗಟ್ಟಿ ಮಾಡುತ್ತದೆ. ಹೋಟೆಲಿನಲ್ಲಿ ಮಗುವಿನ ಪರವಾಗಿ ನೀವೇ ಆರ್ಡರ್ ಹೇಳುವುದು, ಹಬ್ಬಕ್ಕೆ ಬಂದವರ ಪ್ರಶ್ನೆಗೆ ನೀವೇ ಉತ್ತರಿಸುವುದು, ಎಂಟು ವರ್ಷದವರ ಜೊತೆ ಬಾತ್‌ರೂಮ್ ಬಾಗಿಲ ಹೊರಗೆ ನಿಲ್ಲುವುದು ಎಲ್ಲ ಇದೇ ಜಾತಿಯದು. ಮಗುವನ್ನು ನೋಡದೆ ಪೋಷಕರಿಗೆ ಮಾತ್ರ ತರಬೇತಿ ಕೊಟ್ಟು ಇಂಥ ಹೊಂದಾಣಿಕೆಗಳನ್ನು ಕಡಿಮೆ ಮಾಡಿಸಿದರೂ ಮಗುವಿನ ಆತಂಕ ಇಳಿಯುತ್ತದೆ, ಮಗುವಿಗೇ ನೇರ ಚಿಕಿತ್ಸೆ ಕೊಟ್ಟಷ್ಟೇ ಫಲ ಸಿಗುತ್ತದೆ ಎಂದು ಯೇಲ್ ವಿಶ್ವವಿದ್ಯಾಲಯದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು.

ಮಾಡುವ ಬಗೆ: ಹೆದರಿಕೆಗೆ ಸೊನ್ನೆಯಿಂದ ಹತ್ತರ ತನಕ ಅಂಕ ಕೊಡಲು ಮಗುವಿಗೆ ಹೇಳಿ. ಮೂರು ನಾಲ್ಕು ಅಂಕದ ಕೆಲಸದಿಂದ ಶುರು ಮಾಡಿ. 'ಭಯ ಆಗ್ತಿದೆ ಅಂತ ಗೊತ್ತು, ಆದರೂ ನಿನ್ನ ಕೈಲಿ ಆಗತ್ತೆ' ಇಷ್ಟೇ ಹೇಳಿ. 'ಭಯ ಪಡೋಕೆ ಏನಿದೆ' ಎನ್ನಬೇಡಿ. ಮುಂದಿನ ವಾರದಿಂದ ಯಾವುದನ್ನು ನಾನು ಮಾಡುವುದಿಲ್ಲ ಎಂದು ಮೊದಲೇ ತಿಳಿಸಿ, ಒಂದೇ ಒಂದನ್ನು ಆರಿಸಿ, ಅಜ್ಜ ಅಜ್ಜಿಯೂ ಒಪ್ಪಿದ ಮೇಲೆ ಮಾತ್ರ ಜಾರಿ ಮಾಡಿ. ಅಪ್ಪ ಬಿಟ್ಟಿದ್ದನ್ನು ಅಜ್ಜಿ ಮಾಡಿಕೊಟ್ಟರೆ ಮಗು ಜೋರಾಗಿ ಅಳುವುದನ್ನಷ್ಟೇ ಕಲಿಯುತ್ತದೆ. ಮೊದಲ ಕೆಲವು ದಿನ ಅಳು ಹೆಚ್ಚಾಗುತ್ತದೆ. ಹೆಚ್ಚಿನವರು ಅಲ್ಲೇ ಕೈಬಿಡುವುದು.

ಎಲ್ಲವನ್ನೂ ಮುದ್ದಿನ ಫಲ ಎನ್ನಬೇಡಿ. ಅಭ್ಯಾಸ ಮಾಡಿಸಿದರೂ ಗುಂಡಿ, ಚೆಂಡು ಹಿಡಿಯುವುದು, ಮೆಟ್ಟಿಲು ಎಲ್ಲದರಲ್ಲೂ ತೊಡಕಿದ್ದರೆ, ಮಾತು ತಡವಾಗಿದ್ದರೆ, ಶಾಲೆಗೆ ಹೋಗುವುದೇ ವಾರಗಟ್ಟಲೆ ನಿಂತಿದ್ದರೆ ತೋರಿಸಲೇಬೇಕು. ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ, ಮಾತು ಮತ್ತು ಕೇಳುವ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಸಾಸಿವೆಡಬ್ಬಿ (ಮಕ್ಕಳ ಅಡುಗೆ ತರಗತಿ)

ಒಲೆಗಿಂತ ಮೊದಲು ಬೆಂಕಿಯಿಲ್ಲದ ಕೆಲಸ ಎರಡು ಮೂರು ವರ್ಷದಷ್ಟಿದೆ. ಐದಕ್ಕೆ ಅಕ್ಕಿ ತೊಳೆಯುವುದು, ಮಂಡಕ್ಕಿ ಕಲಸುವುದು. ಆರೇಳಕ್ಕೆ ಚಾಕು: ಮೊದಲು ಬಾಳೆಹಣ್ಣು, ಆಮೇಲೆ ಸೌತೆಕಾಯಿ, ಆಮೇಲೆ ಬೇಯಿಸಿದ ಆಲೂಗಡ್ಡೆ. ಉದ್ದಕ್ಕೆ ಸೀಳಿ ಚಪ್ಪಟೆ ಭಾಗ ಮಣೆಗೆ ತಾಗಿಸಿ ಇಟ್ಟುಕೊಡಿ, ದುಂಡಗಿರುವುದು ಉರುಳಿಯೇ ಬೆರಳು ಕೊಯ್ಯುವುದು. ಹಿಡಿದ ಕೈಯ ಬೆರಳ ತುದಿ ಒಳಕ್ಕೆ ಮಡಿಸಿರಬೇಕು. ಮೊಂಡು ಚಾಕು ಸುರಕ್ಷಿತ ಎನ್ನುವುದು ತಪ್ಪು, ಒತ್ತಿ ಒತ್ತಿ ಜಾರುತ್ತದೆ. ಈಳಿಗೆಮಣೆ ಹನ್ನೆರಡರ ನಂತರ ಸಾಕು. ಕೋಸಂಬರಿ ಪೂರ್ತಿ ತಾನೇ ಮಾಡಿದ ಮಗು ಒಲೆಗೆ ಸಿದ್ಧವಾಗುತ್ತಿದೆ ಎಂದು ತಿಳಿಯಿರಿ.

ಒಲೆ ಒಂಬತ್ತು ಹತ್ತಕ್ಕೆ, ದೊಡ್ಡವರು ಪಕ್ಕದಲ್ಲೇ ಇದ್ದು. ಒಲೆಯ ಮೇಲಿನ ಪಾತ್ರೆಯ ಒಳಗು ಕಾಣುವಷ್ಟು ಎತ್ತರ ಬಾರದಿದ್ದರೆ ಇನ್ನೂ ಕಾಯಿರಿ, ಅಲುಗುವ ಸ್ಟೂಲ್ ಬೇಡ. ಮೊದಲ ಪಾಠ ಹಚ್ಚುವುದಲ್ಲ, ಆರಿಸುವುದು ಮತ್ತು ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡುವುದು. ಆಮೇಲೆ ಹಚ್ಚುವುದು: ಲೈಟರ್ ಬರ್ನರಿನ ಹತ್ತಿರ ಇಟ್ಟುಕೊಂಡೇ ನಾಬ್ ತಿರುಗಿಸಬೇಕು. ಎರಡು ಮೂರು ಸಲಕ್ಕೆ ಹತ್ತದಿದ್ದರೆ ನಾಬ್ ಮುಚ್ಚಿ, ಒಂದು ನಿಮಿಷ ಕಾದು ಮತ್ತೆ. ಕೂದಲು ಕಟ್ಟಿರಬೇಕು, ಸಡಿಲ ತೋಳಿನ ನೈಲಾನ್ ಬಟ್ಟೆ ಬೇಡ, ಹಿಡಿಗಳು ಒಳಮುಖ.

ಗ್ಯಾಸ್ ವಾಸನೆ ಬಂದರೆ ನಾಬ್, ರೆಗ್ಯುಲೇಟರ್ ಮುಚ್ಚಿ, ಲೈಟ್ ಸ್ವಿಚ್ ಮುಟ್ಟದೆ, ಕಿಟಕಿಯ ಜೊತೆ ಬಾಗಿಲನ್ನೂ ತೆರೆದು ಹೊರಬರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲಿ ನಿಲ್ಲುತ್ತದೆ. ಸೋರಿಕೆಯ ಸಹಾಯವಾಣಿ 1906.

ತಿಂಡಿಗಳಿಗೂ ಕ್ರಮವಿದೆ. ಸಾರು ಬಿಸಿ ಮಾಡುವುದು, ದೋಸೆ, ಆಮೇಲೆ ಚಹಾ. ಚಹಾದಲ್ಲಿ ಅಪಾಯ ಕುದಿಸುವುದರಲ್ಲಿಲ್ಲ, ಸೋಸುವುದರಲ್ಲಿದೆ: ಲೋಟವನ್ನು ಕೈಯಲ್ಲಿ ಹಿಡಿಯದೆ ಸಿಂಕಿನಲ್ಲಿ ಇಟ್ಟು ಸೋಸಲಿ. ಒಗ್ಗರಣೆ ಅದರ ಮೇಲೆ, ಕುಕ್ಕರ್ ಹನ್ನೆರಡರ ನಂತರ, ಕರಿಯುವುದು ಎಲ್ಲಕ್ಕಿಂತ ಕೊನೆಗೆ. ಸುಟ್ಟರೆ ನಲ್ಲಿಯ ಹರಿಯುವ ನೀರಿನ ಕೆಳಗೆ 20 ನಿಮಿಷ. ಬಳೆ, ದಾರ ತೆಗೆದುಬಿಡಿ. ತುಪ್ಪ, ಟೂತ್‌ಪೇಸ್ಟ್, ಐಸ್ ಬೇಡ. ಮುಖ, ಅಂಗೈ ಅಥವಾ ಮಗುವಿನ ಅಂಗೈಗಿಂತ ದೊಡ್ಡ ಜಾಗ ಸುಟ್ಟಿದ್ದರೆ ಆಸ್ಪತ್ರೆ.

ಪೆಡಲ್_ಅಣ್ಣ (ಸೈಕಲ್ ರಿಪೇರಿ ಮತ್ತು ತರಬೇತಿ)

ಸೈಕಲ್ ಬಗ್ಗೆ ಯಾರೂ ಬರೆಯಲಿಲ್ಲ. ಎಂಟು ವರ್ಷಕ್ಕೂ ಸೈಡ್ ವೀಲ್ ಹಾಕಿಕೊಂಡೇ ತಿರುಗುವ ಮಕ್ಕಳು ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಇದ್ದಾರೆ. ಸೈಡ್ ವೀಲ್ ಇದ್ದರೆ ಸೈಕಲ್ ವಾಲುವುದಿಲ್ಲ, ವಾಲದೆ ಬ್ಯಾಲೆನ್ಸ್ ಬರುವುದಿಲ್ಲ. ಅದನ್ನು ಬಿಚ್ಚಿ, ಪೆಡಲನ್ನೂ ಬಿಚ್ಚಿ. 15 ಎಂಎಂ ಸ್ಪ್ಯಾನರ್ ಬೇಕು. ಬಲ ಪೆಡಲ್ ಗಡಿಯಾರದ ವಿರುದ್ಧ ತಿರುಗಿಸಿದರೆ ಸಡಿಲವಾಗುತ್ತದೆ, ಎಡ ಪೆಡಲಿನ ಮರೆ (ಥ್ರೆಡ್) ಉಲ್ಟಾ, ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಗೊತ್ತಿಲ್ಲದೆ ಜೋರು ಹಾಕಿದರೆ ಮರೆ ಹಾಳಾಗುತ್ತದೆ.

ಸೀಟನ್ನು ಎರಡೂ ಅಂಗಾಲು ನೆಲಕ್ಕೆ ಪೂರ್ತಿ ತಾಗುವಷ್ಟು ಇಳಿಸಿ. ಕಾಲಿನಿಂದ ತಳ್ಳಿಕೊಂಡು ಓಡಾಡಲಿ. ಎರಡು ಕಾಲೂ ಎತ್ತಿ ಏಳೆಂಟು ಮೀಟರ್ ತೇಲಲು ಬಂದಾಗ ಪೆಡಲ್ ಹಾಕಿ. ಹೆಚ್ಚಿನ ಮಕ್ಕಳು ಆ ದಿನವೇ ತುಳಿಯುತ್ತಾರೆ. ಹಿಡಿದುಕೊಳ್ಳಲೇಬೇಕು ಎಂದರೆ ಮಗುವಿನ ಕಂಕುಳ ಕೆಳಗೆ ಹಿಡಿಯಿರಿ. ಹ್ಯಾಂಡಲ್ ಹಿಡಿದರೆ ನೀವೇ ಓಡಿಸಿದ ಹಾಗೆ.

'ಇನ್ನೂ ಎರಡು ವರ್ಷ ಬರಲಿ' ಎಂದು ದೊಡ್ಡ ಸೈಕಲ್ ಕೊಡಿಸುವುದು ಬೇಡ, ಕಾಲು ನೆಲಕ್ಕೆ ಎಟುಕದ ಮಗು ಹೆದರಿಯೇ ಇರುತ್ತದೆ. ಐದಾರು ವರ್ಷಕ್ಕೆ 16 ಇಂಚು, ಏಳೆಂಟಕ್ಕೆ 20 ಇಂಚು ಸುಮಾರಾಗಿ ಸರಿ. ಕೊಳ್ಳುವ ಮೊದಲು ಬ್ರೇಕ್ ನೋಡಿ. ನೀವು ಸೈಕಲ್ ತಳ್ಳುತ್ತಿರುವಾಗ ಮಗು ಬ್ರೇಕ್ ಒತ್ತಿದರೆ ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಕೇಬಲಿಗೆ ಎರಡು ಹನಿ ಎಣ್ಣೆ ಬಿಡಿಸಿ. ಲಿವರ್ ದೂರವಿದ್ದರೆ ಅದರ ಬುಡದ ಚಿಕ್ಕ ಸ್ಕ್ರೂ ಒಳಕ್ಕೆ ತಿರುಗಿಸಿದರೆ ಹ್ಯಾಂಡಲಿನ ಹತ್ತಿರ ಬರುತ್ತದೆ, ಆ ಸ್ಕ್ರೂ ಎಲ್ಲ ಸೈಕಲಿಗೂ ಇರುವುದಿಲ್ಲ. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ, ಗಲ್ಲದ ಪಟ್ಟಿಯಲ್ಲಿ ಒಂದು ಬೆರಳು ಹೋಗುವಷ್ಟು ಸಡಿಲ.

ಮಂಡಿ ತರಚಿದರೆ ಸೋಪು ನೀರಲ್ಲಿ ತೊಳೆದು, ಮಣ್ಣು ಹೋಗುವ ತನಕ ನೀರು ಬಿಟ್ಟರೆ ಸಾಕು. ಪ್ರತಿ ಗಾಯಕ್ಕೂ ಟಿಟಿ (ಧನುರ್ವಾಯು ಚುಚ್ಚುಮದ್ದು) ಚುಚ್ಚಿಸಲು ಓಡಬೇಕಿಲ್ಲ. ಧನುರ್ವಾಯು ತಡೆಯುವ ಲಸಿಕೆಗಳಾದ ಒಂದೂವರೆ ವರ್ಷದ, ಐದು-ಆರು ವರ್ಷದ ಡಿಪಿಟಿ ಮತ್ತು 10, 16ನೇ ವರ್ಷದ ಟಿಡಿ ಹಾಕಿಸಿದ್ದೀರಾ ಎಂದು ಲಸಿಕೆ ಕಾರ್ಡ್ ತೆಗೆದು ನೋಡಿ. ಬಿಟ್ಟುಹೋಗಿದ್ದರೆ, ಗಾಯ ಆಳವಿದ್ದರೆ ವೈದ್ಯರಿಗೆ ತೋರಿಸಿ. ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಬಂದರೆ ತಡ ಮಾಡಬೇಡಿ.

ಹತ್ತು ವರ್ಷದ ಮಗುವಿಗೆ ಗಾಳಿ ಹಾಕುವುದು, ಕಳಚಿದ ಚೈನ್ ಕೂರಿಸುವುದು ಎರಡನ್ನೂ ಕಲಿಸಿ. ಚೈನ್ ಮೊದಲು ಹಿಂದಿನ ಹಲ್ಲುಚಕ್ರಕ್ಕೆ ಪೂರ್ತಿ ಕೂರಿಸಿ, ಮುಂದಿನ ಹಲ್ಲುಚಕ್ರದ ಮೇಲ್ಭಾಗಕ್ಕೆ ನಾಲ್ಕೈದು ಹಲ್ಲಿನಷ್ಟು ಹತ್ತಿಸಿ, ಪೆಡಲನ್ನು ನಿಧಾನ ಮುಂದಕ್ಕೆ ತಿರುಗಿಸಿದರೆ ಉಳಿದದ್ದು ತಾನೇ ಹತ್ತುತ್ತದೆ. ಬೆರಳು ಚೈನು ಮತ್ತು ಹಲ್ಲಿನ ನಡುವೆ ಹೋಗಬಾರದು, ಒಂದು ಕಡ್ಡಿಯಿಂದ ಎತ್ತಿ ಕೂರಿಸಲಿ. ಕೈಯಾದ ಮಸಿಗೆ ಸ್ವಲ್ಪ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಆಮೇಲೆ ಸೋಪು.